ಹಾಜರಿಯಲ್ಲಿ ಬಿಟ್ಟ ಹೆಸರು

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಗಣಿತ ಕಲಿಸುವ ವೃದ್ಧ ಗುರುಗಳಿದ್ದರು.

ಅವರ ಶಿಷ್ಯ ಪ್ರಭುಲಿಂಗ ಮೂರು ತಿಂಗಳು ಕುಳಿತು, ಷೇರು ವಹಿವಾಟಿನ ತಂತ್ರಾಂಶದಲ್ಲಿ ತನ್ನದೇ ಆದ ಸೂಚ್ಯಂಕವೊಂದನ್ನು ಕಟ್ಟಿದ. ಆ ಸೀಮೆಯ ಹತ್ತಿ ಗಿರಣಿಗಳ ಷೇರುಬೆಲೆಗಳನ್ನೆಲ್ಲ ಕೂಡಿಸಿ, ಅವುಗಳ ಏಳುಬೀಳನ್ನು ಒಂದೇ ಗೆರೆಯಲ್ಲಿ ತೋರಿಸುವ ಸೂಚ್ಯಂಕ.

ಹತ್ತು ವರ್ಷಗಳ ಗೆರೆ ಏರುತ್ತಲೇ ಇತ್ತು.

"ನೋಡಿ ಗುರುಗಳೇ, ಎಲ್ಲಿಯೂ ಬಿದ್ದಿಲ್ಲ."

ಗುರುಗಳು ಕನ್ನಡಕ ಏರಿಸಿ ನೋಡಿದರು.

ಮಜ್ಜಿಗೆ ತಂದ ಅಡುಗೆಯ ನೀಲವ್ವ ಗಣಕದ ಪರದೆಯತ್ತ ಬಗ್ಗಿದಳು. "ಏನ್ ತಮ್ಮಾ, ಇದು ಬರೇ ಮ್ಯಾಲಕ್ಕ ಹೊಂಟೈತಲ್ಲ! ನಂಬಬೌದಾ ಇದನ್ನ?"

"ಕಣ್ಣು ಮುಚ್ಚಿ ನಂಬು, ಅವ್ವ."

"ಹಂಗಾರ ನಾಳೆ ಪ್ಯಾಟಿಗೆ ಹೋಗಿ, ನಾ ಕೂಡಿಟ್ಟಿದ್ದನ್ನೆಲ್ಲ ಆ ಗಿರಣಿಗೋಳ ಮ್ಯಾಲ ಹಾಕಿ ಬರತೀನಿ."

ಪ್ರಭುಲಿಂಗ ಹಿಗ್ಗಿದ. ಗುರುಗಳು ಮಜ್ಜಿಗೆಯ ಲೋಟ ಕೆಳಗಿಟ್ಟರು.

"ಇಂದು ಸಂಜೆಯ ಹಾಜರಿ ನೀನು ಕರೆ."

ಆ ಆಶ್ರಮದಲ್ಲೊಂದು ಪದ್ಧತಿಯಿತ್ತು. ಹಾಜರಿಯಲ್ಲಿ ಎಂದಾದರೂ ಸೇರಿದ ಪ್ರತಿಯೊಬ್ಬ ಶಿಷ್ಯನ ಹೆಸರನ್ನೂ ಕರೆಯಬೇಕು, ಬಿಟ್ಟುಹೋದವರದ್ದೂ, ತೀರಿಹೋದವರದ್ದೂ. ಅಂಥ ಹೆಸರಿಗೆ ಇದ್ದವರಲ್ಲೊಬ್ಬರು 'ಇಲ್ಲ' ಎನ್ನಬೇಕು.

ಪ್ರಭುಲಿಂಗನಿಗೆ ತನ್ನ ಗೆರೆಯ ಬಳಿಗೆ ಮರಳುವ ಅವಸರ. ಓಗೊಡದವರನ್ನು ಕರೆದು ಫಲವೇನೆಂದುಕೊಂಡ. ಎದುರಿಗೆ ಕುಳಿತವರನ್ನಷ್ಟೇ ಕರೆದು ಪುಸ್ತಕ ಮಡಚಿದ.

"ಎಲ್ಲರೂ ಇದ್ದಾರೆ, ಗುರುಗಳೇ. ಒಬ್ಬರೂ ಕಡಿಮೆಯಿಲ್ಲ."

ಬಾಗಿಲಲ್ಲಿ ನೀಲವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ತಮ್ಮಾ, ನನ್ನ ಕಲ್ಲಿನಾಥ?"

ಮೂರು ವರ್ಷದ ಹಿಂದೆ ಹೊಳೆ ಒಯ್ದ ಅವಳ ಮಗ, ಆಶ್ರಮದ ಶಿಷ್ಯ. ಪ್ರತಿ ಸಂಜೆ ಆ ಹೆಸರು ಬಂದಾಗ 'ಇಲ್ರೀ' ಎನ್ನಲೆಂದೇ ಅವಳು ಒಲೆ ಬಿಟ್ಟು ಬರುತ್ತಿದ್ದಳು. ದಿನವೂ ಕೇಳಿದ್ದ ಆ ದನಿ ಪ್ರಭುಲಿಂಗನಿಗೆ ಈಗ ನೆನಪಾಯಿತು. ಅವಳು ಮತ್ತೇನೂ ಕೇಳದೆ ಒಳಗೆ ಹೋದಳು.

ಗುರುಗಳು ಕೇಳಿದರು: "ನಿನ್ನ ಸೂಚ್ಯಂಕದಲ್ಲಿ ಎಷ್ಟು ಗಿರಣಿಗಳಿವೆ?"

"ಇಪ್ಪತ್ತನಾಲ್ಕು."

"ಕಟ್ಟಲು ಕುಳಿತ ದಿನ?"

ಅವನಿಗೆ ತಲೆ ಎತ್ತಲಾಗಲಿಲ್ಲ. "ಮೂವತ್ತೊಂದು. ಏಳು ಈ ಹತ್ತು ವರ್ಷಗಳಲ್ಲಿ ಮುಚ್ಚಿಹೋಗಿದ್ದವು. ಬೆಲೆ ಬರುವುದು ನಿಂತ ಕಡೆ ಗೆರೆ ತುಂಡಾಗುತ್ತಿತ್ತು. ನೋಡಲು ಚೆನ್ನಾಗಿರಲಿಲ್ಲ. ಆ ಹೆಸರುಗಳನ್ನು ತೆಗೆದುಬಿಟ್ಟೆ."

ಗುರುಗಳು ಎದ್ದು ಹೊಳೆಯ ಕಡೆ ನಡೆದರು.

ಪ್ರಭುಲಿಂಗ ಏಳು ಹೆಸರುಗಳನ್ನೂ, ಅವುಗಳ ಕುಸಿತವನ್ನೂ ಮರಳಿ ಸೇರಿಸಿದ. ಗೆರೆ ನಡುವಿನಲ್ಲಿ ಜಾರಿತು. ಜಾರಿದ್ದು ಮತ್ತೆ ಆ ಎತ್ತರಕ್ಕೆ ಬರಲೇ ಇಲ್ಲ.

ಬೆಳಿಗ್ಗೆ ನೀಲವ್ವ ಕೈಚೀಲ ಹಿಡಿದು ಅಂಗಳಕ್ಕಿಳಿದಿದ್ದಳು. ಅವನು ಅಡ್ಡ ನಿಂತ.

"ಹೋಗಬೇಡ, ಅವ್ವ. ನಿನ್ನೆ ತೋರಿಸಿದ್ದು ಸುಳ್ಳು ಗೆರೆ. ಮುಳುಗಿದ ಗಿರಣಿಗಳನ್ನು ನಾನೇ ತೆಗೆದುಹಾಕಿದ್ದೆ."

ಅವಳು ಅವನ ಮುಖವನ್ನೇ ನೋಡಿದಳು. "ನನ್ನ ಮಗನ್ನ ತಗದಂಗ?"

ಅವನು ಹೌದೆಂದು ತಲೆಯಾಡಿಸಿದ.

ನೀಲವ್ವ ಕೈಚೀಲವನ್ನು ಗೂಟಕ್ಕೆ ತೂಗುಹಾಕಿದಳು. "ಒಲಿ ಆರೈತಿ. ನಾಕು ಕಟಗಿ ತಂದ್ ಕೊಡು."

ಸಂಜೆ ಪ್ರಭುಲಿಂಗ ಹಾಜರಿ ಪುಸ್ತಕವನ್ನು ಗುರುಗಳ ಪಾದದ ಬಳಿ ಇಟ್ಟ.

"ಇದನ್ನು ಹಿಡಿಯುವ ಯೋಗ್ಯತೆ ನನಗಿಲ್ಲ. ಬೇರೆ ಯಾರಿಗಾದರೂ ಕೊಡಿ."

ಬಾಗಿಲಲ್ಲಿ ಬಳೆಯ ಸದ್ದಾಯಿತು. ನೀಲವ್ವ ಬಂದು ನಿಂತಿದ್ದಳು. ಗುರುಗಳು ಪುಟ ತೆರೆದು ಪುಸ್ತಕವನ್ನು ಅವನ ಕೈಗೇ ಕೊಟ್ಟರು.

"ಕಲ್ಲಿನಾಥನಿಂದ ಆರಂಭಿಸು."