ಉಚ್ಚಾರದ ಮೇಷ್ಟ್ರ ಹೊಟ್ಟೆಕಿಚ್ಚು

“ಮದ್ದಿನಕೋಟೆಯ ಮಹಾಸ್ವಾಮಿಯವರ ಅಪ್ಪಣೆ! ಯುವರಾಣಿ ಲೀಲಾಜಮ್ಮಣ್ಣಿಯವರು ಒಡ್ಡುವ ಮೂರು ಒಗಟು ಬಿಡಿಸಿದವರಿಗೆ ಅವರ ಆಪ್ತ ಕಾರ್ಯದರ್ಶಿಯ ಪದವಿ, ಜರಿ ಪೇಟ, ಒಂದು ಊರಿನ ಜಹಗೀರು. ಸೋತವರು ಈ ರಾಜ್ಯದಲ್ಲಿ ಮತ್ತೆ ಇಂಗ್ಲಿಷ್ ಮಾತಾಡಕೂಡದು. ಆಡಿದರೆ ತಲೆದಂಡ!”

ಡಂಗುರ ಕೇಳಿ ನಾನು ಒಳಗೊಳಗೇ ನಕ್ಕೆ. ಈ ಪದವಿ ನನ್ನ ಜೇಬಿನಲ್ಲೇ ಇದೆ ಅಂದುಕೊಂಡೆ. ನಾನು ವೆಂಕೋಬರಾವ್, ಅರಮನೆಯ ಇಂಗ್ಲಿಷ್ ಮೇಷ್ಟ್ರು. ಹನ್ನೆರಡು ವರ್ಷ ಯುವರಾಣಿಯವರ ಉಚ್ಚಾರ ತಿದ್ದಿದವನು. ಅವರು ಬಾಯಿ ತೆರೆದರೆ ಸಾಕು, ನನ್ನ ಬೆತ್ತ ಮೇಜಿಗೆ ಬೀಳುತ್ತಿತ್ತು.

ಒಗಟಿನ ಗೊಡವೆ ಯಾಕೆ ಬಂತೆಂದರೆ, ದಸರೆಯ ಹೊತ್ತಿಗೆ ಗವರ್ನರ್ ಸಾಹೇಬರು ಬರುವವರಿದ್ದರು. ಗಂಡು ಸಂತಾನವಿಲ್ಲದ ರಾಜ್ಯಗಳನ್ನು ಬಿಳಿಯರು ನುಂಗಿಹಾಕುತ್ತಿದ್ದ ಕಾಲ. ಯುವರಾಣಿ ತಮ್ಮ ಬಾಯಿಂದಲೇ ಇಂಗ್ಲಿಷಿನಲ್ಲಿ ಪಟ್ಟ ಕೇಳಿದರೆ ಕೊಡುತ್ತೇವೆ ಎಂದು ಸಾಹೇಬರು ಬರೆದಿದ್ದರು. ಯುವರಾಣಿಯೋ ಎರಡು ವರ್ಷದಿಂದ ಒಂದು ಇಂಗ್ಲಿಷ್ ಮಾತನ್ನೂ ಆಡಿರಲಿಲ್ಲ. ವೈದ್ಯರು ಗಂಟಲು ನೋಡಿ, ಎಲ್ಲ ಸರಿಯಾಗಿದೆ ಎಂದು ಹೋದರು. ಕೊನೆಗೆ ಯುವರಾಣಿಯೇ ಮೂರು ಒಗಟು ಬರೆದು, ಇವನ್ನು ಬಿಡಿಸಿದವರು ಪಕ್ಕದಲ್ಲಿದ್ದರೆ ಮಾತಾಡುತ್ತೇನೆ ಎಂದು ತಂದೆಯ ಕೈಗೆ ಕೊಟ್ಟರು.

ಇನ್ನೊಂದು ಸಂಗತಿ ಹೇಳಿಬಿಡಬೇಕು. ಮುಚ್ಚಿಟ್ಟರೆ ಕತೆ ಕೆಡುತ್ತದೆ. ಆ ಎರಡು ವರ್ಷದಲ್ಲಿ ಒಂದೇ ಒಂದು ಸಲ, ಊಟದ ಮನೆಯ ಬಾಗಿಲಲ್ಲಿ, ಅವರು ‘ಬಿಸ್ಕ್ಯೂಟ್’ ಎಂದದ್ದು ನನ್ನ ಕಿವಿಗೆ ಬಿತ್ತು. ಹೇಳಿದ್ದು ಬಟ್ಲರ್ ಚೆಲುವಯ್ಯನಿಗೆ. ಅವನು “ಬಿಸ್ಕ್ಯೂಟ್, ಅಮ್ಮಣ್ಣಿಯವರೇ” ಎಂದು ಹಾಗೇ ಹೇಳಿ ತಂದುಕೊಟ್ಟ. ಕೇಳಿದವರು ಹೇಗೆ ಹೇಳಿದರೋ ಹಾಗೇ ತಿರುಗಿ ಹೇಳುವುದು ಅವನ ಕಸುಬಿನ ರೀತಿ. ನಾನು ಓಡಿಹೋಗಿ ‘ಬಿಸ್ಕಿಟ್’ ಎಂದು ತಿದ್ದಿದೆ. ಯುವರಾಣಿ ತಟ್ಟೆ ಮುಟ್ಟದೆ ಎದ್ದುಹೋದರು. ನನ್ನೆದುರು ಆಡದ ಮಾತನ್ನು ತಟ್ಟೆ ಎತ್ತುವವನೆದುರು ಆಡಿದರಲ್ಲ ಎಂದು ಅವತ್ತಿಡೀ ಹೊಟ್ಟೆ ಉರಿಯಿತು.

ಪರೀಕ್ಷೆಯ ದಿನ ನನ್ನ ಜೊತೆ ಇಬ್ಬರು ಬಂದಿದ್ದರು. ಒಬ್ಬರು ಲಂಡನ್ನಿನಲ್ಲಿ ಓದಿದ ಬ್ಯಾರಿಸ್ಟರ್ ತಿರುಮಲಾಚಾರ್, ಇನ್ನೊಬ್ಬರು ಪಾದ್ರಿ ಶಾಲೆಯ ಹೆಡ್‌ಮಾಸ್ಟರ್ ಸುಂದರಂ. ಹಜಾರದಲ್ಲಿ ಕಾಯುತ್ತಿದ್ದಾಗಲೇ ಅವರಿಗೆ ಜಗಳ ಹತ್ತಿತು. ‘ಆಫ್ಟನ್’ ಎನ್ನಬೇಕೆಂದು ಒಬ್ಬರು, ‘ಆಫನ್’ ಎಂದು ಇನ್ನೊಬ್ಬರು. ಜುಟ್ಟು ಹಿಡಿಯುವುದೊಂದು ಬಾಕಿ. ಇಬ್ಬರ ‘ಆ’ಕಾರವೂ ಸರಿಯಿಲ್ಲವೆಂದು ನಾನು ಮನಸ್ಸಿನಲ್ಲೇ ಕೆಂಪು ಗೆರೆ ಎಳೆದೆ.

ಮಹಾಸ್ವಾಮಿಯವರು ಮೊದಲ ಒಗಟು ಓದಿದರು. “ಹಡಗಿನಲ್ಲಿ ಬಂತು, ಸುಂಕ ಕಟ್ಟಲಿಲ್ಲ. ಮನೆಮನೆಗೂ ಹೋಯಿತು, ಮನೆಗೊಂದು ವೇಷ ಹಾಕಿತು. ತವರಿನವರು ಬಂದರೆ ಗುರುತು ಹಿಡಿಯಲಾರರು. ಏನದು?”

ಬ್ಯಾರಿಸ್ಟರರು ಸೀಮೆಬಟ್ಟೆ ಎಂದರು. ಬಟ್ಟೆಗೆ ಸುಂಕವಿದೆ, ಅವರು ಹೊರಗೆ ಹೋದರು. ಹೆಡ್‌ಮಾಸ್ಟರರೂ ನಾನೂ ಇಂಗ್ಲಿಷ್ ಮಾತು ಎಂದು ಒಟ್ಟಿಗೇ ಹೇಳಿ ಉಳಿದುಕೊಂಡೆವು.

“ಎಲ್ಲರ ಬಾಯಲ್ಲೂ ಇದೆ. ತನ್ನದು ತನಗೆ ತಿಳಿಯದು, ಪಕ್ಕದವನದು ಥಟ್ಟನೆ ತಿಳಿಯುತ್ತದೆ. ತೊಳೆದರೆ ಹೋಗದು. ಏನದು?”

ಹೆಡ್‌ಮಾಸ್ಟರರು ಈರುಳ್ಳಿ ವಾಸನೆ ಎಂದು ಸಭೆಯನ್ನೆಲ್ಲ ನಗಿಸಿ ಹೋದರು. ನಾನು ಮಾತಿನ ಧಾಟಿ ಎಂದೆ. ಯುವರಾಣಿ ತಲೆಯಾಡಿಸಿದರು. ಜರಿ ಪೇಟ ಆಗಲೇ ತಲೆಗೆ ಬಿಗಿಯಾದ ಹಾಗಾಯಿತು.

“ಒಬ್ಬಳ ಮನೆಯಲ್ಲಿ ಒಂದು ಕೂಸಿತ್ತು. ಅದು ಹೊಸಿಲು ದಾಟಿದಾಗಲೆಲ್ಲ ಒಬ್ಬ ಒಳ್ಳೆಯವನು ನಡಿಗೆ ಸರಿಯಿಲ್ಲವೆಂದು ಕಿವಿ ಹಿಡಿದು ಒಳಗೆ ಕಳಿಸುತ್ತಿದ್ದ. ಈಗ ಬಾಗಿಲು ತೆರೆದೇ ಇದೆ, ಕೂಸು ಬರುವುದಿಲ್ಲ. ಅದು ಯಾವುದು? ಹೊರಗೆ ಕರೆಯುವುದು ಹೇಗೆ?”

ಸೋಮಾರಿತನ ಎಂದೆ. ಇನ್ನೂ ಗಟ್ಟಿಯಾಗಿ ಅಭ್ಯಾಸ ಮಾಡಿಸಬೇಕು ಎಂದೂ ಸೇರಿಸಿದೆ. ಯುವರಾಣಿ ಮುಖ ತಿರುಗಿಸಿದರು. ಅಲ್ಲಿಗೆ ನನ್ನ ಹನ್ನೆರಡು ವರ್ಷ ನೀರಿನಲ್ಲಿ ಹೋಮವಾಯಿತು.

ಸಭೆಗೆ ಪಾನಕ ಕೊಡುತ್ತಿದ್ದ ಚೆಲುವಯ್ಯ ತಟ್ಟೆಯನ್ನು ಕೆಳಗಿಟ್ಟು ಕೈಮುಗಿದ. ತಾನೂ ಹೇಳಬಹುದೇ ಎಂದು ಕೇಳಿದ. ದಿವಾನರು ಗದರಿದರು. ಡಂಗುರದಲ್ಲಿ ಇಂಥವರೇ ಎಂದು ಸಾರಿಲ್ಲವಲ್ಲ ಎಂದು ಮಹಾಸ್ವಾಮಿಯವರು ಒಪ್ಪಿದರು. ಮೊದಲೆರಡಕ್ಕೆ ನಾನು ಹೇಳಿದ್ದನ್ನೇ ಹೇಳಿದ. ಕದ್ದ ಉತ್ತರ ಎಂದು ನಾನು ಕೂಗಿದೆ. ಹಾಗಾದರೆ ಬಿಡಿಸಿ ಹೇಳು ಎಂದು ಅವನಿಗೆ ಅಪ್ಪಣೆಯಾಯಿತು.

“ನಮ್ಮ ಮೇಜಿಗೆ ಎಂಟು ಥರದ ಬಿಳಿ ದೊರೆಗಳು ಬರ್ತಾರೆ, ಮಹಾಸ್ವಾಮಿ. ನೀರು ಅನ್ನೋದನ್ನ ಒಬ್ಬೊಬ್ಬರು ಒಂದೊಂದು ಥರ ಅಂತಾರೆ. ಒಬ್ಬರು ಅಂದದ್ದಕ್ಕೆ ಇನ್ನೊಬ್ಬರು ನಗ್ತಾರೆ. ತಮ್ಮದು ಮಾತ್ರ ಯಾರಿಗೂ ಕೇಳ್ಸಲ್ಲ.”

“ಅದರಲ್ಲಿ ಸರಿ ಯಾವುದು?” ಎಂದರು ಮಹಾಸ್ವಾಮಿಯವರು.

“ಅದು ನನಗೆ ಗೊತ್ತಿಲ್ಲ. ಎಲ್ಲರಿಗೂ ಬಾಯಾರಿತ್ತು.”

ಮಹಾಸ್ವಾಮಿಯವರು ಮೂರನೆಯದನ್ನು ಕೇಳಿದರು.

“ಆ ಕೂಸು ಅಮ್ಮಣ್ಣಿಯವರ ಮಾತು. ಕರೆಯೋಕೆ ಹೋಗ್ಬಾರ್ದು. ಅದಾಗಿ ಬಂದಾಗ ಕೇಳಿದ್ದನ್ನ ತಂದುಕೊಟ್ರೆ ಸಾಕು.”

ಯುವರಾಣಿ ಎದ್ದು ನಿಂತರು. ಚೆಲುವಯ್ಯನ ಕಡೆ ತಿರುಗಿ, ಗವರ್ನರರ ಮುಂದೆ ಹೇಳಬೇಕಾದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದರು. ಪ್ರಜೆಗಳ ವಿಷಯ, ಕೆರೆಗಳ ವಿಷಯ, ತಮ್ಮ ಹಕ್ಕಿನ ವಿಷಯ. ಮೊದಲು ನಡುಗುತ್ತಿದ್ದ ದನಿ ಆಮೇಲೆ ಗಟ್ಟಿಯಾಯಿತು. ನಾನು ಹನ್ನೊಂದು ತಪ್ಪು ಎಣಿಸಿದೆ. ನಾಲಿಗೆ ಹಲ್ಲಿನವರೆಗೂ ಬಂತು. ಸೋತವನಾದ್ದರಿಂದ ಬಾಯಿ ಬಿಡುವ ಹಾಗಿರಲಿಲ್ಲ. ಹನ್ನೆರಡನೆಯದು ಬಂದಾಗ ಎಣಿಸುವುದನ್ನು ಮರೆತಿದ್ದೆ.

ದಸರೆಯಲ್ಲಿ ಗವರ್ನರರು ಅದೇ ಮಾತು ಕೇಳಿ ಪಟ್ಟ ಕೊಟ್ಟರು. ಚೆಲುವಯ್ಯನಿಗೆ ಪದವಿ ಬಂತು, ಜಹಗೀರು ಬಂತು, ಜರಿ ಪೇಟವೂ ಬಂತು. ಪೇಟ ಅವನಿಗೆ ಒಪ್ಪುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಅದು ಸುಳ್ಳು, ಚೆನ್ನಾಗಿಯೇ ಒಪ್ಪುತ್ತದೆ. ಅವನ ಊರು, ಅವನ ಪೇಟ ಅವನಿಗೇ ಇರಲಿ. ನನ್ನ ಶಿಷ್ಯೆಯ ಇಂಗ್ಲಿಷನ್ನು ಕೊನೆಯವರೆಗೂ ನಾನು ಕೇಳಿದ್ದು ಆ ಪರೀಕ್ಷೆಯ ದಿನವೇ ಮೊದಲು, ಅದನ್ನೂ ಅವರು ಹೇಳಿದ್ದು ಅವನಿಗೆ. ಆ ಉರಿ ಇನ್ನೂ ಆರಿಲ್ಲ.