ಹಿರೇನನ ತಂದೆಗೊಂದು ಕಾಗದ

ಒಂದು ಕಾಗದ ಬರೆಯಲು ಕೊಟ್ರೇಶನಿಗೆ ಹನ್ನೊಂದು ದಿನ ಸಾಲಲಿಲ್ಲ.

ಹೊಳೆದಂಡೆಯ ಆ ಆಶ್ರಮದಲ್ಲಿ ಇದ್ದದ್ದೇ ಮೂವರು. ಗುರು ನಿರ್ವಾಣಯ್ಯನವರು, ಶಿಷ್ಯ ಕೊಟ್ರೇಶ, ಅಸ್ಸಾಮಿನಿಂದ ಬಂದು ಸೇರಿದ್ದ ಇನ್ನೊಬ್ಬ ಶಿಷ್ಯ ಹಿರೇನ್. ಹೋದ ತಿಂಗಳು ಹಿರೇನ್ ಹೊಳೆಯ ಪಾಲಾದ. ಹರಿಗೋಲಿನಲ್ಲಿ ಅವನ ಜೊತೆಗಿದ್ದವನು ಕೊಟ್ರೇಶ ಒಬ್ಬನೇ.

ಹಿರೇನನ ತಂದೆ ಹಾಸಿಗೆ ಹಿಡಿದಿದ್ದರು. ಮಗನ ಮುಖ ನೋಡಲೂ ಬರಲಾಗಲಿಲ್ಲ. ಅವರಿಂದ ಕಾಗದ ಬಂತು. ಅದರಲ್ಲಿ ಕೇಳಿದ್ದು ಒಂದೇ ಮಾತು: ಕೊನೆಯ ಗಳಿಗೆಯಲ್ಲಿ ನನ್ನ ಮಗನಿಗೆ ಏನಾಯಿತು?

ಅವರಿಗೆ ಕನ್ನಡ ಬಾರದು, ಕೊಟ್ರೇಶನಿಗೆ ಅವರ ಭಾಷೆ ಬಾರದು. ಉತ್ತರ ಇಂಗ್ಲಿಷಿನಲ್ಲೇ ಹೋಗಬೇಕು. ಕೊಟ್ರೇಶನ ಇಂಗ್ಲಿಷು ಅಷ್ಟಕ್ಕಷ್ಟೆ. ಗುರುಗಳಾದರೋ ಕಾವಿ ಉಡುವ ಮೊದಲು ಮೂವತ್ತು ವರ್ಷ ಕಾಲೇಜಿನಲ್ಲಿ ಅದನ್ನೇ ಕಲಿಸಿದವರು. ಕೊಟ್ರೇಶ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಹಾಳೆ ಹಿಡಿದು ಅವರ ಮುಂದೆ ಕೂತುಬಿಡುತ್ತಿದ್ದ.

“ಬುದ್ಧೀ, ‘ಹಿರೇನ್ ಅಂಡ್ ಐ’ ಅಂತ ಬರೀಬೇಕೋ, ‘ಹಿರೇನ್ ಅಂಡ್ ಮಿ’ ಅಂತಲೋ?”

ಗುರುಗಳು ತರಗತಿಯಲ್ಲಿ ಸಾವಿರ ಸಲ ಹೇಳಿದ್ದನ್ನೇ ಹೇಳಿದರು. “ಬಲು ಸುಲಭ ಕಣಪ್ಪಾ. ಹಿರೇನನ್ನ ತೆಗೆದುಬಿಡು. ನೀನೊಬ್ಬನೇ ಉಳಿ. ಆಗ ಯಾವುದು ಸರಿ ಅಂತ ತಾನಾಗೇ ಗೊತ್ತಾಗುತ್ತೆ.”

ಹೇಳಿದ ಮೇಲೆ ತಾವಂದದ್ದೇನು ಎಂದು ಅವರಿಗೇ ಹೊಳೆಯಿತು. ಕೊಟ್ರೇಶ ತಲೆ ಎತ್ತಲಿಲ್ಲ. ಆ ದಿನದ ಪಾಠ ಅಲ್ಲಿಗೇ ನಿಂತಿತು.

ಮರುದಿನ ಮತ್ತೆ ಬಂದ. “ಇಲ್ಲಿ ‘ಹಿ’ ಬರಬೇಕೋ, ‘ಹಿಮ್’ ಬರಬೇಕೋ?”

“ಕೆಲಸ ಮಾಡಿದವನು ‘ಹಿ’. ಆ ಕೆಲಸ ಯಾರ ಮೇಲೆ ಬಿತ್ತೋ ಅವನು ‘ಹಿಮ್’.”

ಹೀಗೇ ನಡೆಯಿತು. ಹರಿದು ಹಾಕಿದ ಹಾಳೆಗಳು ಒಲೆ ಹೊತ್ತಿಸಲು ಬಂದವು. ಆಶ್ರಮಕ್ಕೆ ಬಂದ ಮೂರು ವರ್ಷದಲ್ಲಿ ತಲೆಗೆ ಹತ್ತದ ವ್ಯಾಕರಣ ಹನ್ನೊಂದು ದಿನದಲ್ಲಿ ಹತ್ತಿತು. ಕಲಿಯುವ ಹುರುಪು ಅಂದುಕೊಳ್ಳಬೇಡಿ. ವ್ಯಾಕರಣ ಕೇಳುವಷ್ಟು ಹೊತ್ತು ಬೇರೇನನ್ನೂ ನೆನೆಯಬೇಕಾಗಿರಲಿಲ್ಲ.

ಹನ್ನೆರಡನೇ ದಿನ ಗುರುಗಳು ಕಾಗದವನ್ನು ಪೂರ್ತಿ ಓದಿದರು.

ಹರಿಗೋಲು ಮಗುಚಿತು. ಸೆಳವು ನಮ್ಮಿಬ್ಬರನ್ನೂ ಎಳೆಯಿತು. ಬಂಡೆಯೊಂದು ನನ್ನನ್ನು ಉಳಿಸಿತು. ಹೊಳೆ ಅವನನ್ನು ಒಯ್ದಿತು. ಕಾಗದದಲ್ಲಿ ಇದ್ದದ್ದು ಇಷ್ಟು.

“ಒಂದೂ ತಪ್ಪಿಲ್ಲ,” ಅಂದರು.

ಕೊಟ್ರೇಶನಿಗೆ ಜೀವ ಬಂದಂತಾಯಿತು. ಕವರು ತರಲು ಎದ್ದ.

“ಕೂತ್ಕೋ. ಹರಿಗೋಲು ಮಾಡಿದ್ದು ಬರೆದಿದ್ದೀಯ. ಸೆಳವು, ಬಂಡೆ, ಹೊಳೆ ಮಾಡಿದ್ದೆಲ್ಲ ಬರೆದಿದ್ದೀಯ. ನೀನೇನು ಮಾಡಿದೆ?”

“ನಾನೂ ಇದೀನಲ್ಲ ಬುದ್ಧೀ. ಬಂಡೆ ನನ್ನನ್ನು ಉಳಿಸಿತು ಅಂತ...”

“ಅಲ್ಲಿ ಮಾಡಿದ್ದು ಬಂಡೆ.”

ಕೊಟ್ರೇಶನಿಗೆ ಮೈ ಉರಿದುಹೋಯಿತು. ಮೂರು ವರ್ಷದಲ್ಲಿ ಗುರುಗಳಿಗೆ ಒಂದೂ ಎದುರುಮಾತು ಆಡದವನು ಅಂದು ಆಡಿಬಿಟ್ಟ.

“ನೀವೆಲ್ಲಿದ್ದೀರಿ ಇದರಲ್ಲಿ? ನೀರು ಏರಿದೆ, ಇವತ್ತು ಬೇಡ ಬುದ್ಧೀ ಅಂತ ನಾನು ಅಂದಿರಲಿಲ್ಲವಾ? ಪೂಜೆಗೆ ಆಚೆ ದಡದ ಮರದ ಬಿಲ್ವಪತ್ರೆಯೇ ಆಗಬೇಕು ಅಂದವರು ಯಾರು? ಈ ದಡದಲ್ಲಿ ಬಿಲ್ವದ ಮರ ಇರಲಿಲ್ಲವಾ?”

ಮಾತು ಮುಗಿದಾಗ ಅವನಿಗೆ ಕಾಲು ಹಿಡಿಯೋಣ ಅನ್ನಿಸಿತು, ಹಿಡಿಯಲಿಲ್ಲ.

ಗುರುಗಳು ಆ ಕಾಗದವನ್ನು ಮಡಿಚಿ ಪಕ್ಕಕ್ಕಿಟ್ಟು, ಹೊಸ ಹಾಳೆ ಎಳೆದುಕೊಂಡು ಬರೆಯತೊಡಗಿದರು.

ಬರೆದದ್ದನ್ನು ಶಿಷ್ಯನ ಕಡೆ ತಿರುಗಿಸಿದರು. ಇಂಗ್ಲಿಷಿನಲ್ಲಿ ಎರಡೇ ಸಾಲು. ಆ ದಿನ ಅವರಿಬ್ಬರನ್ನೂ ಹೊಳೆಗೆ ಕಳಿಸಿದವನು ನಾನು. ಬೇಡ ಅಂದರೂ ಕಳಿಸಿದೆ. ಕೆಳಗೆ ಅವರ ಸಹಿ.

“ಹನ್ನೊಂದು ದಿನ ನೀನು ಕೇಳ್ತಾ ಇದ್ದೆ, ನಾನು ಹೇಳಿಕೊಡ್ತಾ ಇದ್ದೆ,” ಅಂದರು. “ಇಬ್ಬರಿಗೂ ಅನುಕೂಲವಾಗಿತ್ತು.”

ಪೆನ್ನನ್ನು ಹಾಳೆಯ ಮೇಲಿಟ್ಟು ಕೊಟ್ರೇಶನ ಮುಂದೆ ಸರಿಸಿದರು.

ಕೊಟ್ರೇಶ ಪೆನ್ನು ಮುಟ್ಟಲಿಲ್ಲ. ತನ್ನ ಬಲಗೈಯನ್ನೇ ನೋಡಿಕೊಂಡ. ಅವತ್ತು ಎಡಗೈಯಲ್ಲಿ ಬಂಡೆ ಹಿಡಿದಿದ್ದ, ಬಲಗೈಯಲ್ಲಿ ಹಿರೇನನ ಕೈ. ಬಂಡೆ ಪಾಚಿಗಟ್ಟಿತ್ತು. ಹಿರೇನ್ ಕೂಗಲಿಲ್ಲ, ಇವನ ಮುಖವನ್ನೇ ನೋಡುತ್ತಿದ್ದ. ಇನ್ನೊಂದು ಗಳಿಗೆ ಹೀಗೇ ಇದ್ದರೆ ತಾನೂ ಹೋಗುತ್ತೇನೆ ಅನ್ನಿಸಿತ್ತು ಕೊಟ್ರೇಶನಿಗೆ.

ಕೈ ಜಾರಿತು ಎಂದು ಪೊಲೀಸರಿಗೆ ಹೇಳಿದ್ದ. ಊರವರಿಗೂ, ಗುರುಗಳಿಗೂ ಅದನ್ನೇ ಹೇಳಿದ್ದ. ಹೇಳಿ ಹೇಳಿ ಕೆಲವು ದಿನ ತಾನೂ ನಂಬಿದ್ದ.

“ಬುದ್ಧೀ, ಅವತ್ತು ಕೈ...”

“ನನಗೆ ಹೇಳಬೇಡ,” ಅಂದರು ಗುರುಗಳು. “ಕೇಳಿದವರು ಅವರು. ಅಲ್ಲಿ ಬರಿ.”

ಕೊಟ್ರೇಶ ಬರೆದ. ಯಾವ ಪದ ಹಾಕಬೇಕು ಎಂದು ಕೇಳಲಿಲ್ಲ. ಅವನ ಕೈ ಜಾರಲಿಲ್ಲ, ನಾನು ಬಿಟ್ಟೆ. ಅಷ್ಟು ಬರೆದು ಸಹಿ ಹಾಕುವಾಗ ದುಃಖ ಒತ್ತರಿಸಿ ಬಂತು. ಹಾಳೆ ಒದ್ದೆಯಾಗದಿರಲಿ ಎಂದು ಪಕ್ಕಕ್ಕೆ ತಿರುಗಿ ಅತ್ತ.

ಗುರುಗಳು ಸಮಾಧಾನ ಹೇಳಲಿಲ್ಲ. ಬರೆದದ್ದನ್ನು ಓದಿದರು. ಅವರ ಮುಖ ಬಿಳಿಚಿಕೊಂಡಿತು. ಆ ಹಾಳೆಯನ್ನು ಮಡಿಚಿ ಕವರಿನೊಳಗೆ ಇಟ್ಟರು.

“ಇನ್ನು ಮೇಲಾದರೂ ನನಗೆ ನಿದ್ದೆ ಬರುತ್ತಾ ಬುದ್ಧೀ?”

“ಇಲ್ಲ.”

“ಎಂದಾದರೂ?”

ಗುರುಗಳು ಕವರಿಗೆ ಅಂಟು ಹಚ್ಚುತ್ತಿದ್ದರು.

“ಹೋಗಲಿ, ಇಷ್ಟು ಹೇಳಿ. ಇದನ್ನ ಓದಿದ ಮೇಲೆ ಆ ತಂದೆ ನನ್ನನ್ನ ಕ್ಷಮಿಸ್ತಾರಾ?”

ಗುರುಗಳು ಕವರನ್ನು ಅವನ ಕೈಯಲ್ಲಿಟ್ಟರು.

“ಅದು ಅವರು ಬರೆಯೋ ವಾಕ್ಯ, ಕೊಟ್ರೇಶ. ಅದನ್ನೂ ನೀನೇ ಬರೀಬೇಡ.”