ಜಂಬಣ್ಣನ ಬಾಲ

ಒಂದು ಕಾಡಿನ ನಟ್ಟನಡುವೆ ಪ್ರಾಣಿಗಳದೇ ಒಂದು ಪಟ್ಟಣವಿತ್ತು. ಕಲ್ಲು, ಕೆಸರು ಸೇರಿಸಿ ಕಟ್ಟಿದ ಮನೆಗಳು, ಒಂದರ ಮೇಲೊಂದು, ಮೂರು ಮಾಳಿಗೆ, ನಾಲ್ಕು ಮಾಳಿಗೆ. ನೆಲ ಮಾತ್ರ ಸುಮ್ಮನಿರುವ ಜಾತಿಯದಲ್ಲ. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಗಡಗಡ ನಡುಗುತ್ತಿತ್ತು. ಬಿಟ್ಟು ಹೋಗೋಣವೆಂದರೆ ಬೇಸಿಗೆಯಲ್ಲೂ ನೀರಿರುವುದು ಅಲ್ಲೊಂದೇ ಕಡೆ. ಅದಕ್ಕೇ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಪ್ರತಿ ಮಾಳಿಗೆಗೂ ಗೋಡೆಯೊಳಗೆ ಸುತ್ತಲೂ ದಪ್ಪ ಕಾಡುಬಳ್ಳಿ ಹಾಯಿಸಿ ಮೂಲೆಮೂಲೆಗೆ ಬಿಗಿಯಬೇಕು. ಬಿಗಿದರೆ ನೆಲ ಅಲುಗಿದಾಗ ನಾಲ್ಕೂ ಗೋಡೆ ಒಟ್ಟಿಗೆ ಓಲಾಡುತ್ತವೆ, ಬಿಚ್ಚಿಕೊಂಡು ಬೀಳುವುದಿಲ್ಲ. ಒಳಗೆ ಬಳ್ಳಿ ಇದೆಯೋ ಇಲ್ಲವೋ ಹೊರಗಿನವರಿಗೆ ತಿಳಿಯಲೆಂದು, ಮೂಲೆಯಲ್ಲಿ ಅದರ ತುದಿಯನ್ನು ಒಂದು ಗೇಣು ಹೊರಗೆ ಬಿಡುತ್ತಿದ್ದರು. ಆ ತುದಿಗೆ ಬಾಲ ಅನ್ನುತ್ತಿದ್ದರು.

ಬಾಲ ಎಳೆದು ನೋಡುವ ಕೆಲಸ ದುರುಗವ್ವನದು. ದುರುಗವ್ವ ಮುದುಕಿ ಚಿಪ್ಪುಹಂದಿ. ಬಾಯಲ್ಲಿ ಹಲ್ಲಿಲ್ಲ, ಆದರೆ ಉಗುರು ಭದ್ರ. ಮೂಲೆಮೂಲೆ ಹತ್ತಿ ಪ್ರತಿ ಬಾಲಕ್ಕೂ ಮೈಭಾರವೆಲ್ಲ ಬಿಟ್ಟು ಜೋತುಬೀಳುವಳು. ಬಳ್ಳಿ ಜಗ್ಗಲಿಲ್ಲವೋ, ಬಾಗಿಲ ಮೇಲಿನ ಕಲ್ಲಿಗೆ ಕೆಮ್ಮಣ್ಣಿನಲ್ಲಿ ಅಂಗೈ ಒತ್ತುವಳು. ಆ ಕೈಗುರುತಿಲ್ಲದ ಮನೆಗೆ ಇಲಿ ಕೂಡ ಕಾಲಿಡುತ್ತಿರಲಿಲ್ಲ. ಇದರ ಬಗ್ಗೆ ಅವಳಿಗೆ ಸ್ವಲ್ಪ ಹಮ್ಮೂ ಇತ್ತು ಅನ್ನಿ.

ಆ ವರ್ಷ ಹೊಳೆ ಉಕ್ಕಿ ಮೊಲಗಳ ಬಿಲಗಳೆಲ್ಲ ಮುಳುಗಿಹೋದವು. ದುರುಗವ್ವನ ಗೆಳತಿ ಸುಬ್ಬಿ ಎಂಬ ಮೊಲ ಮೂರು ಮರಿ ಕಟ್ಟಿಕೊಂಡು ಪೊದೆಯ ಕೆಳಗೆ ನೆನೆಯುತ್ತ ಕೂತಿದ್ದಳು. ಮೊಲಗಳಿಗೆ ನಾಲ್ಕು ಮಾಳಿಗೆಯ ವಠಾರ ಕಟ್ಟಿಸುತ್ತೇನೆಂದು ಮುಂದೆ ಬಂದವನು ಜಂಬಣ್ಣ ಎಂಬ ನರಿ. ಮಳೆ ಮತ್ತೆ ಜೋರಾಗುವುದರೊಳಗೆ ಮುಗಿಸಿದರೆ ಪಟ್ಟಣದ ಯಜಮಾನಿಕೆ ಅವನಿಗೇ ಎಂದು ಮಾತಾಗಿತ್ತು. ಮುಗಿಸಿಯೂಬಿಟ್ಟ. ಅಷ್ಟು ಬೇಗ ಹೇಗಪ್ಪಾ ಮುಗಿಯಿತು ಎಂದು ಯಾರೂ ಕೇಳಲಿಲ್ಲ. ತಲೆ ಮೇಲೆ ಸೂರು ಬಂತಲ್ಲ, ಸಾಕು.

ದುರುಗವ್ವ ನೋಡಲು ಬಂದಳು. ಕೆಳಮಾಳಿಗೆಯ ನಾಲ್ಕು ಬಾಲಕ್ಕೂ ಜೋತುಬಿದ್ದಳು. ಕಬ್ಬಿಣದಂತೆ ಗಟ್ಟಿ. ಮೇಲಕ್ಕೆ ಹತ್ತಬೇಕು, ಅಷ್ಟರಲ್ಲಿ ಜಂಬಣ್ಣ ಅಡ್ಡ ಬಂದ. ಮೇಲಿನ ಗಿಲಾವು ಇನ್ನೂ ಹಸಿ, ಈಗ ಜಗ್ಗಿದರೆ ಬಿರುಕು ಬಿಡುತ್ತದೆ, ತಿಂಗಳು ಕಳೆದು ನೋಡಿದರಾಯಿತು ಎಂದು ಮೆತ್ತಗೆ ಹೇಳಿದ. ಬಾಲಗಳು ಕಣ್ಣಿಗೆ ಕಾಣುತ್ತಲೇ ಇವೆಯಲ್ಲ ಎಂದು ಬೆರಳು ತೋರಿಸಿದ. ಕಾಣುತ್ತಿದ್ದವು, ಹನ್ನೆರಡೂ. ಮೇಲೆ ಮೋಡ ಕವಿದಿತ್ತು. ಸುಬ್ಬಿಯ ಕಿರಿಮರಿ ಕೆಮ್ಮುತ್ತಿತ್ತು. ದುರುಗವ್ವನಿಗೆ ಅಯ್ಯೋ ಅನ್ನಿಸಿತು, ಮಂಡಿನೋವೂ ಇತ್ತು. ಬಾಗಿಲ ಕಲ್ಲಿಗೆ ಅಂಗೈ ಒತ್ತಿಬಿಟ್ಟಳು. ಮೊಲಗಳು ಅವಳ ಕಾಲು ಮುಟ್ಟಿ ಒಳಗೆ ಹೋದವು.

ತಿಂಗಳು ಕಳೆಯಿತು, ಎರಡಾಯಿತು. ದುರುಗವ್ವ ಹೋಗಲಿಲ್ಲ. ಗುರುತು ಒತ್ತಿದ ಮೇಲೆ ಮತ್ತೆ ಹೋಗಿ ಎಳೆದರೆ, ಮೊದಲು ಎಳೆದಿರಲಿಲ್ಲವೇ ಎಂದು ಕೇಳುತ್ತಾರಲ್ಲ, ನಾಚಿಕೆ.

ಒಂದು ಬೆಳಿಗ್ಗೆ ನೆಲ ಸಣ್ಣಗೆ ಅದುರಿತು. ಮಡಕೆ ಅಲುಗುವಷ್ಟೇ. ಪಟ್ಟಣದವರು ನಕ್ಕು ಸುಮ್ಮನಾದರು. ದುರುಗವ್ವ ಮಾತ್ರ ಮಂಡಿನೋವು ಮರೆತು ಓಡಿದಳು. ವಠಾರದ ಎರಡನೇ ಮಾಳಿಗೆಗೆ ಹತ್ತಿ ಬಾಲ ಹಿಡಿದು ಜಗ್ಗಿದಳು. ಅದು ಕೈಗೇ ಬಂತು. ಒಂದು ಗೇಣು ಬಳ್ಳಿ, ಅಷ್ಟೇ. ಇನ್ನೊಂದು ಮೂಲೆ ಜಗ್ಗಿದಳು, ಅದೂ ಬಂತು. ಗೋಡೆಯೊಳಗೆ ಏನೂ ಇರಲಿಲ್ಲ. ಜಂಬಣ್ಣ ಗೇಣುಗೇಣಿನ ತುಂಡು ಮಾಡಿ ಮೂಲೆಗೆ ಸಿಕ್ಕಿಸಿದ್ದ. ಬಳ್ಳಿ ಹಾಯಿಸಿದ್ದು ಕೆಳಮಾಳಿಗೆಗೆ ಮಾತ್ರ, ಮುದುಕಿ ಅಲ್ಲಿಂದಲೇ ಶುರು ಮಾಡುತ್ತಾಳೆಂದು ಅವನಿಗೆ ಗೊತ್ತಿತ್ತು.

ದುರುಗವ್ವ ಬಾಗಿಲು ಬಾಗಿಲು ಬಡಿದಳು. ಕೈಗೆ ಬಂದ ತುಂಡು ತೋರಿಸಿ, ಎಲ್ಲರೂ ಈಗಲೇ ಹೊರಗೆ ಬನ್ನಿ ಎಂದು ಬೇಡಿಕೊಂಡಳು. ಮೊಲಗಳು ಮುಖ ಮುಖ ನೋಡಿಕೊಂಡವು. ಜಂಬಣ್ಣ ಅಲ್ಲೇ ನಿಂತಿದ್ದ, ಯಜಮಾನನ ರುಮಾಲು ಸುತ್ತಿಕೊಂಡು. ಅಜ್ಜಿಗೆ ಅರಳುಮರಳು, ಒಳಗೆ ಹೋಗಿ ಊಟ ಮಾಡಿ ಎಂದ. ಸುಬ್ಬಿ ಗೆಳತಿಯ ಕೈ ಹಿಡಿದುಕೊಂಡಳು. ಕೋಪ ಇರಲಿಲ್ಲ ಅವಳಿಗೆ.

"ಎಲ್ಲಿಗೆ ಹೋಗಲಿ ದುರುಗವ್ವ? ಬಾಗಿಲ ಮೇಲೆ ನಿನ್ನ ಕೈ ಇದೆಯಲ್ಲ. ಅದನ್ನು ನೋಡಿಯೇ ದಿನಾ ಮಲಗುತ್ತೇನೆ."

ಹೀಗೆಂದು ಅವಳು ಮರಿಗಳ ಬಳಿಗೆ ಮೇಲೆ ಹತ್ತಿಹೋದಳು, ಉಳಿದ ಮೊಲಗಳೂ ಒಳಗೆ ಹೋದವು. ಏನು ಹೇಳಿದರೆ ತಾನೇ ನಂಬುತ್ತಾರೆ? ದುರುಗವ್ವ ಬಾಗಿಲ ಮೇಲಕ್ಕೆ ಹತ್ತಿ, ತನ್ನ ಗುರುತನ್ನು ತಾನೇ ಉಗುರಿನಿಂದ ಪರಪರ ಕೆರೆಯತೊಡಗಿದಳು. ಕೆಮ್ಮಣ್ಣು ಕಲ್ಲಿಗೆ ಕಚ್ಚಿಕೊಂಡಿತ್ತು. ಕಿರುಬೆರಳು ಅಳಿಸಿತು. ಪಕ್ಕದ್ದೂ ಅಳಿಸಿತು. ಮೂರನೆಯದಕ್ಕೆ ಉಗುರು ಹಾಕುವಾಗ ನೆಲ ನಡುಗಿತು.

ಈ ಸಲ ಮಡಕೆ ಅಲುಗುವಷ್ಟಲ್ಲ. ದುರುಗವ್ವ ಕೆಳಗೆ ಬಿದ್ದಳು. ಚಿಪ್ಪುಹಂದಿಗೆ ಹೆದರಿಕೆಯಾದರೆ ಮೈ ತಾನಾಗಿ ಉಂಡೆಯಾಗುತ್ತದೆ, ಬೇಡವೆಂದರೂ. ಬೆನ್ನ ಚಿಪ್ಪಿನ ಮೇಲೆ ಕಲ್ಲು ಬೀಳುವ ಸದ್ದನ್ನಷ್ಟೇ ಕೇಳಿದಳು. ಮೈ ಬಿಚ್ಚಿ ನೋಡಿದಾಗ ಪಟ್ಟಣದ ಹಳೆಯ ಮನೆಗಳೆಲ್ಲ ಬಿರುಕು ಬಿಟ್ಟು ನಿಂತಿದ್ದವು. ವಠಾರದ ಕೆಳಮಾಳಿಗೆಯೂ ನಿಂತಿತ್ತು. ಅದರ ಮೇಲಿನ ಮೂರು ಮಾಳಿಗೆ ಬೀದಿಗೆ ಬಿದ್ದಿದ್ದವು.

ಬಿಸಿಲು ಇಳಿಯುವವರೆಗೂ ದುರುಗವ್ವ ಅಗೆದಳು. ಉಗುರು ಕಿತ್ತು ರಕ್ತ ಬಂತು, ನಿಲ್ಲಿಸಲಿಲ್ಲ. ಸುಬ್ಬಿಯ ಕಿರಿಮರಿ ಉಸಿರಾಡುತ್ತ ಸಿಕ್ಕಿತು. ಮರಿಯ ಮೇಲೆ ಬೋರಲಾಗಿ ಸುಬ್ಬಿ ಸಿಕ್ಕಳು, ಉಸಿರಿರಲಿಲ್ಲ. ಇನ್ನೆರಡು ಮರಿಗಳಲ್ಲೂ ಇರಲಿಲ್ಲ. ಅಂಥವು ಇನ್ನೂ ಎಷ್ಟೋ.

ಕಡೆಗೆ ಜಂಬಣ್ಣನ ಕೂಗು ಕೇಳಿಸಿತು. ಎದುರಿಗಿದ್ದ ತನ್ನ ಮನೆಗೆ ಮಾತ್ರ ಅವನು ಮೂಲೆ ಬಿಡದೆ ಬಳ್ಳಿ ಬಿಗಿಸಿದ್ದ, ಅದು ಅಲುಗಿರಲಿಲ್ಲ. ಆದರೆ ಅದರೊಳಗೆ ನುಗ್ಗುವಷ್ಟರಲ್ಲಿ ಅವನೇ ಕಟ್ಟಿಸಿದ ವಠಾರದ ಗೋಡೆ ಹೊಸ್ತಿಲ ಮೇಲೆ ಬಿದ್ದು, ಬಾಲ ಅದರಡಿ ಸಿಕ್ಕಿಬಿದ್ದಿತ್ತು. ಆ ಗೋಡೆ ಎತ್ತಲು ಕರಡಿಯಿಂದಲೂ ಆಗಲಿಲ್ಲ. ಬಾಲವನ್ನು ಅಲ್ಲೇ ಬಿಟ್ಟು ಅವನು ಹೊರಗೆ ಬಂದ.

ಮರುದಿನ ಪಂಚಾಯಿತಿ ಸೇರಿತು. ಬಾಲವಿಲ್ಲದ ನರಿ ಆಗಲೂ ಜಾರಿಕೊಳ್ಳಲು ನೋಡಿತು, ಬಾಗಿಲ ಮೇಲಿರುವುದು ಯಾರ ಕೈ ಕೇಳಿ ಎಂದಿತು. ಎಲ್ಲರೂ ಮುದುಕಿಯ ಕಡೆ ತಿರುಗಿದರು.

"ಕೈ ನನ್ನದೇ," ಎಂದಳು ದುರುಗವ್ವ. "ಎಳೆಯದೆ ಒತ್ತಿದೆ."

ಜಂಬಣ್ಣನ ರುಮಾಲು ಕಿತ್ತು ಕಾಡಿನಿಂದಾಚೆ ಅಟ್ಟಿದರು. ದುರುಗವ್ವ ತನಗೂ ಈ ಕೆಲಸ ಬೇಡವೆಂದು ಅತ್ತಳು. ಪಂಚಾಯಿತಿಯವರು ಬಿಡಲಿಲ್ಲ, ನೀನೇ ಎಳೆ, ಇನ್ನು ಮೇಲೆ ನಾವೂ ಬಂದು ಎಳೆಯುತ್ತೇವೆ ಎಂದರು. ಈಗ ಆ ಪಟ್ಟಣದಲ್ಲಿ ತೋರಿಕೆಗೆ ಮಾಡಿದ ಯಾವ ಕೆಲಸಕ್ಕೂ ಜಂಬಣ್ಣನ ಬಾಲ ಅನ್ನುತ್ತಾರೆ. ಮೂರು ಬೆರಳು ಉಳಿದ ಆ ಕಲ್ಲನ್ನು ದುರುಗವ್ವ ತನ್ನ ಬಾಗಿಲಿಗೇ ಇಡಿಸಿಕೊಂಡಿದ್ದಾಳೆ. ಅದರ ಕೆಳಗೆ ಹಾದೇ ದಿನವೂ ಕೆಲಸಕ್ಕೆ ಹೋಗುತ್ತಾಳೆ. ಗಿಲಾವು ಹಸಿ ಇದೆ, ಬಿರುಕು ಬಿಡುತ್ತದೆ ಎಂದು ಯಾರಾದರೂ ಅಂದರೆ, ಬಿಡಲಿ, ಮತ್ತೆ ಬಳಿದುಕೊಳ್ಳಿ ಎಂದು ಮೈಭಾರವೆಲ್ಲ ಬಿಟ್ಟು ಜೋತುಬೀಳುತ್ತಾಳೆ.

ನೀತಿ: ನೆಲ ನಡುಗುವುದನ್ನು ಯಾರೂ ತಡೆಯಲಾರರು, ಮನೆಯನ್ನು ಭದ್ರವಾಗಿ ಕಟ್ಟುವುದು, ಕಟ್ಟಿದ್ದನ್ನು ಕೈಯಾರೆ ಪರೀಕ್ಷಿಸಿದ ಮೇಲೆಯೇ ಒಪ್ಪುವುದು ನಮ್ಮ ಕೈಯಲ್ಲಿದೆ.